ತಟ್ಟೆಗೇರಿದ ರಂಗವಲ್ಲಿ

ನಮ್ಮ ದೊಡ್ಡ ನಗರಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಊಟದ ಮನೆಗಳು ಕಾಣಿಸಿಕೊಂಡಿವೆ. ಹೋಟೆಲು ಎಂದು ಕರೆದರೆ ಅವುಗಳ ಒಡೆಯರಿಗೆ ಹಿತವಾಗುವುದಿಲ್ಲ. ‘ಫೈನ್ ಡೈನಿಂಗ್’ ಎನ್ನಬೇಕು. ಹಸಿವು ತೀರಿಸಿಕೊಳ್ಳುವುದಕ್ಕಾಗಿಯೇ ಅಲ್ಲಿಗೆ ಹೋಗುವವರು ಕಡಮೆ. ಒಂದು ಊಟಕ್ಕೆ ಕೆಲವು ಸಾವಿರ ರೂಪಾಯಿ, ಎರಡು ಮೂರು ಗಂಟೆ ಕಾಲ, ಒಂದೊಂದೇ ತುತ್ತಿನಷ್ಟು ಹೊತ್ತುಬರುವ ಎಂಟು ಹತ್ತು ತಟ್ಟೆಗಳು. ನಾಟಕಕ್ಕೆ ವಸ್ತು ಬೇಕಾದಂತೆ ಇಂಥ ಊಟಕ್ಕೂ ಒಂದು ವಸ್ತು ಬೇಕು. ಒಬ್ಬರು ಕರಾವಳಿಯನ್ನು ಆರಿಸಿಕೊಳ್ಳುತ್ತಾರೆ, ಒಬ್ಬರು ಅರಮನೆಯನ್ನು, ಇನ್ನೊಬ್ಬರು ಅಜ್ಜಿಯ ಅಡಿಗೆಮನೆಯನ್ನು. ಈಗ ಕೆಲವರ ಕಣ್ಣು ನಮ್ಮ ರಂಗೋಲಿಯ ಮೇಲೆ ಬಿದ್ದಿದೆ. ಗೋಡೆಯ ತುಂಬ ಚುಕ್ಕಿಗಳನ್ನು ಬಳಸಿ ಸುತ್ತುವ ಎಳೆ. ದೀಪದ ತಗಡಿನಲ್ಲಿ ಕೊರೆದ ಎಂಟೆಸಳಿನ ತಾವರೆ. ತಟ್ಟೆಯಲ್ಲಿ ಮೊಸರಿನ ಚುಕ್ಕಿ, ಹುಣಸೆಯ ಗೊಜ್ಜಿನ ಗೆರೆ. ನೆಲದಲ್ಲಿದ್ದದ್ದು ಗೋಡೆಗೇರಿತು, ಗೋಡೆಯಿಂದ ತಟ್ಟೆಗಿಳಿಯಿತು.

ಇದನ್ನು ಕಂಡು ಮೂಗು ಮುರಿಯುವವರುಂಟು. ಹೊಸ್ತಿಲಿನ ಮಂಗಳವನ್ನು ಮಾರಾಟಕ್ಕಿಟ್ಟರಲ್ಲಾ ಎಂಬುದು ಅವರ ಸಂಕಟ. ನಮ್ಮ ಹೆಂಗಸರ ಕಲೆಗೆ ಕೊನೆಗೂ ಮೇಜಿನ ಮರ್ಯಾದೆ ಸಿಕ್ಕಿತಲ್ಲಾ ಎಂದು ಹಿಗ್ಗುವವರೂ ಉಂಟು. ಎರಡು ಮಾತೂ ಸುಲಭದ ಮಾತುಗಳೆಂದು ನನಗೆ ತೋರುತ್ತದೆ. ಎಂದೂ ಮಾರದೆ ಬಂದ ಒಂದು ಚೆಲುವನ್ನು ಮಾರುವುದರಲ್ಲಿ ತಪ್ಪಿದೆಯೆ, ಇದ್ದರೆ ಆ ತಪ್ಪು ಎಲ್ಲಿದೆ ಎಂಬ ಪ್ರಶ್ನೆ ಮಾತ್ರ ಸುಲಭದ್ದಲ್ಲ. ಅದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು: ರಂಗೋಲಿಗೂ ಊಟಕ್ಕೂ ಇರುವ ನಂಟು ಈ ರೆಸ್ಟೊರಾಂಟಿನವರು ಕಟ್ಟಿದ್ದಲ್ಲ. ವಾತ್ಸ್ಯಾಯನ ಅರವತ್ತನಾಲ್ಕು ಕಲೆಗಳನ್ನು ಎಣಿಸುವಾಗ ಅಕ್ಕಿಯಿಂದಲೂ ಹೂವಿನಿಂದಲೂ ಬಲಿಯ ಆಕೃತಿಗಳನ್ನು ರಚಿಸುವುದನ್ನು ಒಂದು ಕಲೆಯೆಂದು ಎಣಿಸಿದ್ದಾನೆ. ಬಗೆಬಗೆಯ ಪಲ್ಯ, ಸಾರು, ಭಕ್ಷ್ಯಗಳನ್ನು ಮಾಡುವುದೂ ಅದೇ ಪಟ್ಟಿಯಲ್ಲಿದೆ. ‘ಬಲಿ’ ಎಂಬ ಮಾತನ್ನು ಕೇಳಿ ಯಾರೂ ಬೆಚ್ಚಬೇಕಾಗಿಲ್ಲ. ಇಲ್ಲಿ ಅದರ ಅರ್ಥ ಕಾಣಿಕೆ ಎಂದು, ಉಣ್ಣುವ ಜೀವಿಗೆ ಇಟ್ಟ ಪಾಲು ಎಂದು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಒಂದು ಪ್ರಕರಣವೇ ಇದೆ, ನಮ್ಮ ಇಡ್ಲಿ, ದೋಸೆಗಳ ಪೂರ್ವಿಕರನ್ನು ಅಲ್ಲಿ ಗುರುತು ಹಿಡಿಯಬಹುದು. ಅದೇ ಗ್ರಂಥ ಚಿತ್ರಗಳ ಬಗೆಗಳನ್ನು ಹೇಳುತ್ತ ಧೂಳೀಚಿತ್ರವನ್ನು, ಎಂದರೆ ಪುಡಿಯಿಂದ ಬಿಡಿಸುವ ಚಿತ್ರವನ್ನು, ಹೆಸರಿಸುತ್ತದೆ. ಅರಸನಿಗೆ ಎರಡೂ ಒಂದೇ ಬದುಕಿನ ಸುಖಗಳಾಗಿದ್ದುವು.

ಅರಸರ ಮಾತು ಇರಲಿ. ನಮ್ಮ ಮನೆಗಳ ಹಬ್ಬದೂಟವನ್ನೇ ನೆನೆಯಿರಿ. ನೆಲ ಸಾರಿಸಿ, ಮಣೆ ಹಾಕಿ, ಎಲೆ ಹಾಸುವ ಮೊದಲು ಎಲೆಯ ಜಾಗಕ್ಕೆ ರಂಗೋಲಿ ಬೀಳುತ್ತಿತ್ತು. ಮದುವೆಮನೆಯಲ್ಲಿ ಭೂಮದ ಊಟಕ್ಕೆ ಎಲೆ ಹಾಕಿದರಂತೂ ಸುತ್ತಲಿನ ರಂಗೋಲಿಯೇ ಒಂದು ತೇರಿನಷ್ಟು ಅಗಲವಾಗುತ್ತಿತ್ತು. ಊಟ ಮುಗಿದು ಎಲೆ ಎತ್ತಿದ ಮೇಲೆ ಎಂಜಲು ಬಳಿದು ಗೋಮಯ ಹಚ್ಚುತ್ತಿದ್ದರು. ರಂಗೋಲಿಯೂ ಎಂಜಲಿನೊಡನೆ ಹೋಗುತ್ತಿತ್ತು. ಅದನ್ನು ಉಳಿಸಿಕೊಳ್ಳಬೇಕೆಂದು ಯಾರೂ ಯೋಚಿಸಲಿಲ್ಲ. ಉಂಡ ಊಟವನ್ನು ಉಳಿಸಿಕೊಳ್ಳಬೇಕೆಂದು ಯಾರು ತಾನೆ ಯೋಚಿಸುತ್ತಾರೆ?

ನಂಟಿನ ತಿರುಳು ಇರುವುದು ಇಲ್ಲೇ. ಶಿಲ್ಪ ನಿಲ್ಲುತ್ತದೆ, ಪದ್ಯ ನಾಲಗೆಯಿಂದ ನಾಲಗೆಗೆ ಹರಿದು ಬದುಕುತ್ತದೆ. ಅಡಿಗೆ ಮತ್ತು ರಂಗೋಲಿ ಬಳಕೆಯಲ್ಲಿ ಅಳಿಯುತ್ತವೆ, ಅಳಿಯುವುದಕ್ಕಾಗಿಯೇ ಹುಟ್ಟುತ್ತವೆ. ತಿನ್ನದೆ ಇಟ್ಟ ಅನ್ನ ಹಳಸುತ್ತದೆ. ತುಳಿಯದೆ ಬಿಟ್ಟ ರಂಗೋಲಿ ಮರುದಿನ ಬೆಳಗ್ಗೆ ಅಂಗಳದ ಕೊಳೆ. ಅದರ ಮೇಲೆ ನೀರು ಹಾಕಿಯೇ ಹೊಸದನ್ನು ಬಿಡಿಸಬೇಕು. ಇವೆರಡೂ ಹೆಚ್ಚಾಗಿ ಹೆಂಗಸರ ಕೈಯಲ್ಲೇ ಉಳಿದದ್ದು, ಇವೆರಡಕ್ಕೂ ಕರ್ತೃವಿನ ಹೆಸರು ಇಲ್ಲದೆ ಹೋದದ್ದು, ಇವೆರಡಕ್ಕೂ ಕೂಲಿ ಎಂಬುದು ಹುಟ್ಟದೆ ಇದ್ದದ್ದು ಕಾಕತಾಳೀಯವಲ್ಲ. ಉಳಿಯದೆ ಇರುವ ಕೆಲಸಕ್ಕೆ ಲೆಕ್ಕ ಬರೆಯುವ ಪದ್ಧತಿ ನಮ್ಮಲ್ಲಿಲ್ಲ.

ಹಾಗೆಂದು ಅದು ಸಣ್ಣ ಬುದ್ಧಿಯ ಕೆಲಸವೇನಲ್ಲ. ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ದಂಪತಿಗಳೂ ಅವರ ಜೊತೆಗಾರರೂ 1970ರ ದಶಕದಲ್ಲಿ ತಮಿಳು ಹೆಂಗಸರ ಕೋಲಂಗಳನ್ನು ಇಟ್ಟುಕೊಂಡು ಗಣಿತದ ವ್ಯಾಕರಣಗಳನ್ನೇ ರಚಿಸಿದರು; ಗಣಕಯಂತ್ರಕ್ಕೆ ಚಿತ್ರ ಬರೆಯಲು ಕಲಿಸುವ ಶಾಸ್ತ್ರದಲ್ಲಿ ಆ ಪ್ರಬಂಧಗಳಿಗೆ ಸ್ಥಾನ ಸಿಕ್ಕಿದೆ. ಎಳೆ ಎಲ್ಲಿಯೂ ತುಂಡಾಗದೆ ಎಲ್ಲ ಚುಕ್ಕಿಗಳನ್ನೂ ಬಳಸಿ ಹೊರಟಲ್ಲಿಗೇ ಬಂದು ಸೇರುವ ವಿದ್ಯೆಯನ್ನು, ಲೆಕ್ಕದಲ್ಲಿ ಎಂದೂ ಪಾಸಾಗದ ಅಜ್ಜಿಯರು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು.

ಒಂದೊಂದು ಸೀಮೆಯಲ್ಲಿ ಇದಕ್ಕೆ ಒಂದೊಂದು ಹೆಸರು. ಆಂಧ್ರದಲ್ಲಿ ಮುಗ್ಗು, ಬಂಗಾಳದಲ್ಲಿ ಅಲ್ಪನ, ಮಿಥಿಲೆಯಲ್ಲಿ ಅರಿಪನ, ರಾಜಸ್ಥಾನದಲ್ಲಿ ಮಾಂಡನಾ, ಕುಮಾವೂಂ ಬೆಟ್ಟಗಳಲ್ಲಿ ಐಪಣ. ನಮ್ಮ ಶಿವಮೊಗ್ಗ ಸೀಮೆಯ ದೀವರ ಹೆಂಗಸರು ಇದರದೇ ಒಕ್ಕಲಾದ ಹಸೆ ಚಿತ್ತಾರವನ್ನು ಕೆಮ್ಮಣ್ಣು ಬಳಿದ ಗೋಡೆಗೆ ಏರಿಸಿದ್ದಾರೆ. ಪುಂಡಿ ನಾರಿನ ಕುಂಚ. ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಕರಿಕಾಗುವಂತೆ ಹುರಿದ ಅಕ್ಕಿ. ಅಡಿಗೆಮನೆಯಲ್ಲಿ ಕೈ ಚಾಚಿದರೆ ಸಿಗುವ ಬಣ್ಣಗಳು. ಅಕ್ಕಿ ಅಲ್ಲಿ ಅನ್ನವೂ ಹೌದು, ಬಣ್ಣವೂ ಹೌದು.

ಇಲ್ಲಿ ಒಂದು ಪ್ರಚಲಿತ ಮಾತನ್ನು ಪರೀಕ್ಷಿಸಬೇಕು. ರಂಗೋಲಿ ಇರುವೆಗಳಿಗೆ ಅನ್ನ, ಗುಬ್ಬಚ್ಚಿಗೆ ಅನ್ನ, ಆದ್ದರಿಂದ ಅದು ಭೂತದಯೆಯ ಕಲೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಈ ಹೊಸ ಊಟದ ಮನೆಗಳ ಪಟ್ಟಿಯಲ್ಲೂ ಅದು ಅಚ್ಚಾಗಿರುತ್ತದೆ. ಅಕ್ಕಿಹಿಟ್ಟಿನ ಕೋಲಕ್ಕೆ ಈ ಮಾತು ಸಲ್ಲುತ್ತದೆ. ಆದರೆ ಬೆಂಗಳೂರು, ಮೈಸೂರುಗಳ ಬೀದಿಯಲ್ಲಿ ಸೇರಿನಲ್ಲಿ ಅಳೆದು ಮಾರುತ್ತಿದ್ದ, ಈಗ ಪೊಟ್ಟಣದಲ್ಲಿ ಬರುವ ರಂಗೋಲಿ ಪುಡಿ ಕಲ್ಲಿನ ಪುಡಿ. ಅದನ್ನು ತಿಂದು ಬದುಕುವ ಇರುವೆ ಇನ್ನೂ ಹುಟ್ಟಬೇಕು. ನಾವು ಯಾವಾಗ ಅಕ್ಕಿಯನ್ನು ಬಿಟ್ಟು ಕಲ್ಲಿಗೆ ಬಂದೆವೋ ಆಗಲೇ ಆ ಪಾಲನ್ನು ನಿಲ್ಲಿಸಿದೆವು; ಪುಣ್ಯದ ಮಾತನ್ನು ಮಾತ್ರ ಉಳಿಸಿಕೊಂಡೆವು. ರೆಸ್ಟೊರಾಂಟಿನ ಮೇಲೆ ಆಪಾದನೆ ಹೊರಿಸುವ ಮೊದಲು ಈ ಲೆಕ್ಕವೂ ನೆನಪಿನಲ್ಲಿರಲಿ.

ಹಾಗಾದರೆ ರಂಗೋಲಿಯ ಗುಣ ಯಾವುದು? ಅದು ಯಾರಿಗೋಸ್ಕರ ಎಂಬುದನ್ನು ಕೇಳಿ ನೋಡಿ. ಬಂಗಾಳದ ವ್ರತಗಳನ್ನು ಕುರಿತು 1919ರಲ್ಲಿ ಪುಸ್ತಕ ಬರೆದ ಅವನೀಂದ್ರನಾಥ ಠಾಕೂರರು ಅಲ್ಪನವನ್ನು ಹೆಂಗಸರ ಬಯಕೆಯ ಬರವಣಿಗೆ ಎಂದು ಕಂಡರು. ಬತ್ತದ ತೆನೆ, ತುಂಬಿದ ಕಣಜ, ಒಡವೆ, ಲಕ್ಷ್ಮಿಯ ಹೆಜ್ಜೆ: ಬೇಕಾದದ್ದನ್ನು ನೆಲದ ಮೇಲೆ ಬರೆದು ಬೇಡುವುದು. ಆದ್ದರಿಂದ ಅದು ಕೇವಲ ನಿಷ್ಕಾಮ ದಾನವೆಂದು ಹೊಗಳುವುದೂ ಸರಿಯಲ್ಲ. ಬರೆಯುವಾಕೆಗೂ ಏನೋ ಬೇಕಾಗಿದೆ. ಆದರೂ ಒಂದು ವಿಶೇಷವುಂಟು. ತನಗಾಗಿ ಬೇಡಿಕೊಳ್ಳುತ್ತ ಬರೆದದ್ದನ್ನು ಆಕೆ ಬೀದಿಯ ಕಡೆ ಮುಖ ಮಾಡಿ ಬರೆದಳು. ಹೂ ಮಾರುವವನು ನೋಡಿದ, ಟಪಾಲಿನವನು ಬಳಸಿಕೊಂಡು ನಡೆದ, ಶಾಲೆಗೆ ಓಡುವ ಹುಡುಗ ಮೆಟ್ಟಿದ, ಹಸು ಮೂಸಿತು. ನೋಡುವುದಕ್ಕೆ ಅಪ್ಪಣೆ ಬೇಕಾಗಿರಲಿಲ್ಲ. ನೋಡಿದವರಿಂದ ಆಕೆಗೆ ಬರಬೇಕಾದದ್ದೂ ಏನಿರಲಿಲ್ಲ.

ತಟ್ಟೆಯ ರಂಗೋಲಿ ಹಣ ತೆತ್ತವನ ಕಡೆ ಮುಖ ಮಾಡಿದೆ. ಎರಡಕ್ಕೂ ಇರುವ ಅಂತರ ಇದು. ಗೆರೆ ಅದೇ ಇರಬಹುದು, ಮುಖ ತಿರುಗಿದೆ.

ನನ್ನ ಸೋದರಳಿಯನೊಬ್ಬ ಸಂಬಳ ಹೆಚ್ಚಾದ ಸಂತೋಷಕ್ಕೆ ನನ್ನನ್ನು ಇಂಥದೊಂದು ಜಾಗಕ್ಕೆ ಕರೆದೊಯ್ದಿದ್ದ. ಊಟ ರುಚಿಯಾಗಿತ್ತು, ಹುರುಳಿಕಟ್ಟಿನ ಸಾರನ್ನು ಅಷ್ಟು ನಯವಾಗಿ ಮಾಡಿದ್ದನ್ನು ನಾನು ಬೇರೆ ಕಡೆ ಕಂಡಿಲ್ಲ. ನಾಲ್ಕನೆಯ ತಟ್ಟೆಯಲ್ಲಿ ಐದು ಚುಕ್ಕಿಯ ರಂಗೋಲಿ ಬಂತು. ನಾನು ಚಮಚ ಎತ್ತಿದೆ. “ಮಾವ, ಒಂದ್ನಿಮಿಷ ತಡೀರಿ,” ಎಂದು ಅಳಿಯ ಫೋಟೋ ತೆಗೆದ. ಅಷ್ಟು ಹೊತ್ತಿಗೆ ಬಡಿಸುವ ಹುಡುಗ ಪಕ್ಕದಲ್ಲಿ ನಿಂತು ರಂಗೋಲಿಯ ಮಹತ್ತ್ವವನ್ನು ಇಂಗ್ಲಿಷಿನಲ್ಲಿ ಗಿಣಿಪಾಠದಂತೆ ಒಪ್ಪಿಸುತ್ತಿದ್ದ. “ನಿಮ್ಮ ಮನೇಲಿ ಹಾಕ್ತಾರೇನಪ್ಪ?” ಎಂದು ಕನ್ನಡದಲ್ಲಿ ಕೇಳಿದೆ. ಹುಡುಗನ ಮುಖವೇ ಬೇರೆಯಾಯಿತು. “ನಮ್ಮಮ್ಮ ಹಾಕ್ತಾರೆ ಸಾರ್, ದಿನಾ. ಇಲ್ಲಿ ಮಾತ್ರ ಹೀಗೇ ಹೇಳಬೇಕು ಅಂತ ಬರಕೊಟ್ಟಿದಾರೆ,” ಎಂದ. ಅವನ ತಾಯಿಯ ರಂಗೋಲಿಯ ವಿಷಯ ಅವನಿಗೆ ಗೊತ್ತಿದ್ದದ್ದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಯಾರೋ ಬರೆದುಕೊಟ್ಟ ರಂಗೋಲಿಯ ವಿಷಯ ಬೇಕಾಗಿತ್ತು.

ಆದರೂ ಹಣ ಮುಟ್ಟಿದ ಕೂಡಲೇ ಮೈಲಿಗೆಯಾಯಿತು ಎನ್ನುವ ಮಡಿವಂತಿಕೆ ನನಗೆ ಸಮ್ಮತವಲ್ಲ. ಅದಕ್ಕೆ ಕಾರಣ ಮಿಥಿಲೆಯ ಕಥೆ. ಉತ್ತರ ಬಿಹಾರದ ಹೆಂಗಸರು ನೆಲಕ್ಕೆ ಅರಿಪನವನ್ನೂ ಮದುವೆಯ ಕೋಣೆಯ ಗೋಡೆಗೆ ಕೋಹಬರವನ್ನೂ ತಲೆಮಾರುಗಳಿಂದ ಬರೆಯುತ್ತಿದ್ದರು. 1934ರ ಭೂಕಂಪದಲ್ಲಿ ಗೋಡೆಗಳು ಬಿದ್ದಾಗ ಒಳಗಿನ ಚಿತ್ರಗಳು ಬಯಲಿಗೆ ಬಂದುವು. ವಿಲಿಯಂ ಆರ್ಚರ್ ಎಂಬ ಆಂಗ್ಲ ಅಧಿಕಾರಿ ಅವನ್ನು ಕಂಡು ಮುಂದೆ 1949ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಬರೆದ. ಆಮೇಲೆ ಬಂದದ್ದು 1966–67ರ ಭೀಕರ ಕ್ಷಾಮ. ಹೊಲ ಒಣಗಿತು, ಮನೆಯಲ್ಲಿ ಕಾಳಿಲ್ಲ. ಅಖಿಲ ಭಾರತ ಕರಕುಶಲ ಮಂಡಲಿಯಲ್ಲಿದ್ದ ಪುಪುಲ್ ಜಯಕರ್ ಅವರು ಭಾಸ್ಕರ ಕುಲಕರ್ಣಿ ಎಂಬ ಕಲಾವಿದರನ್ನು ಮಧುಬನಿಗೆ ಕಳುಹಿಸಿದರು, ಒಂದಷ್ಟು ಕಾಗದದ ಸುರುಳಿಗಳ ಸಹಿತ. ಗೋಡೆಯ ಮೇಲೆ ಬರೆಯುವುದನ್ನು ಇದರ ಮೇಲೆ ಬರೆಯಿರಿ, ಕೊಳ್ಳುತ್ತೇವೆ ಎಂದರು. ಹೆಂಗಸರು ಬರೆದರು. ಹಣ ಬಂತು, ಕಾಳು ಬಂತು. ಜಿತ್ವಾರಪುರದ ಜಗದಂಬಾದೇವಿ, ಸೀತಾದೇವಿಯರ ಹೆಸರನ್ನು ದೇಶ ಕೇಳಿತು. 1975ರಲ್ಲಿ ಜಗದಂಬಾದೇವಿಗೆ ಪದ್ಮಶ್ರೀ ಬಂತು.

ಇನ್ನೂ ಒಂದು ಫಲವುಂಟು. ಅದುವರೆಗೆ ಆ ಚಿತ್ರಗಳೆಂದರೆ ಬ್ರಾಹ್ಮಣ, ಕಾಯಸ್ಥ ಮನೆಗಳ ಹೆಂಗಸರ ಸೊತ್ತೆಂದು ಹೊರಗಿನವರು ತಿಳಿದಿದ್ದರು. ಕಾಗದಕ್ಕೆ ಬೆಲೆ ಬಂದ ಮೇಲೆ ಅದೇ ಊರಿನ ದುಸಾಧ ಜಾತಿಯ ದಲಿತ ಹೆಂಗಸರೂ ಬರೆಯತೊಡಗಿದರು. ಮೇಲುಜಾತಿಯವರ ದೇವರುಗಳ ಬದಲು ತಮ್ಮ ಮೈಮೇಲಿನ ಹಚ್ಚೆಯ ಆಕೃತಿಗಳನ್ನು ಕಾಗದಕ್ಕೆ ತಂದರು. ಚಾನೋದೇವಿಯವರ ಗೋದನಾ ಶೈಲಿ ಹೀಗೆ ಬೆಳೆಯಿತು. ಮಾರುಕಟ್ಟೆ ಇಲ್ಲದಿದ್ದರೆ ಆ ಬಾಗಿಲು ತೆರೆಯುತ್ತಿತ್ತೆ? ನನಗೆ ಸಂದೇಹ. ಕಲೆಯನ್ನು ಮಾರಿದ್ದರಿಂದ ಮಕ್ಕಳ ಹೊಟ್ಟೆ ತುಂಬಿತು, ಹಟ್ಟಿಯ ಹೆಂಗಸಿಗೆ ಕುಂಚ ಹಿಡಿಯುವ ಧೈರ್ಯ ಬಂತು. ಇದರ ಮುಂದೆ ನಿಂತು ‘ಪವಿತ್ರ ಕಲೆ ಮಾರಾಟವಾಯಿತು’ ಎಂದು ಕಣ್ಣೀರಿಡುವವನ ಹೊಟ್ಟೆ ತುಂಬಿರುತ್ತದೆ ಎಂದೇ ಹೇಳಬೇಕು.

ಆಗ ಪ್ರಶ್ನೆ ಬೇರೆಯ ರೂಪ ತಾಳುತ್ತದೆ: ಮಾರಿದ್ದು ತಪ್ಪೆ ಎಂಬುದಕ್ಕಿಂತ, ಮಾರಿದ ಹಣ ಯಾರ ಕೈಗೆ ಹೋಯಿತು ಎಂಬುದು. ಮಿಥಿಲೆಯಲ್ಲಿ ಬರೆದವಳಿಗೆ ಹೋಯಿತು, ಎಲ್ಲವೂ ಅಲ್ಲದಿದ್ದರೂ ಒಂದಷ್ಟು. ರಂಗೋಲಿಯ ಹೆಸರಿನ ಊಟದ ಮನೆಯಲ್ಲಿ ಅದು ಒಡೆಯನಿಗೆ, ಬಾಡಿಗೆಗೆ, ಒಳಾಂಗಣ ವಿನ್ಯಾಸಕಾರನಿಗೆ, ಅಡಿಗೆಯ ಮುಖ್ಯಸ್ಥನಿಗೆ ಹೋಗುತ್ತದೆ. ಇವರೆಲ್ಲ ದುಡಿದವರೇ, ಅವರ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಗೆರೆಗಳನ್ನು ಕಂಡುಹಿಡಿದವರು ಅವರಾರೂ ಅಲ್ಲ. ಕಂಡುಹಿಡಿದವಳಿಗೆ ಹೆಸರಿಲ್ಲ, ಹೆಸರಿಲ್ಲದವಳಿಗೆ ಪಾಲು ಕೊಡುವುದು ಹೇಗೆ ಎಂದು ಅವರು ಕೇಳಬಹುದು. ಮಧುಬನಿಯ ಚಿತ್ರಕ್ಕೆ 2007ರಲ್ಲಿಯೂ ಕುಮಾವೂಂನ ಐಪಣಕ್ಕೆ 2021ರಲ್ಲಿಯೂ ಭೌಗೋಳಿಕ ಗುರುತಿನ ಕಾಯಿದೆಯ ರಕ್ಷಣೆ ದೊರೆತಿದೆ. ಆದರೆ ಆ ಕಾಯಿದೆ ಕಾಯುವುದು ಹೆಸರನ್ನು. ಐಪಣ ಎನ್ನದೆ ಅದರ ಗೆರೆಯನ್ನು ಮಾತ್ರ ತಟ್ಟೆಯಲ್ಲಿ ಎಳೆದವನನ್ನು ಯಾರೂ ಹಿಡಿಯಲಾರರು. ಹಿಡಿಯಬೇಕೆಂದು ನಾನೂ ಹೇಳುವುದಿಲ್ಲ. ಗೆರೆಗೆ ಬೇಲಿ ಹಾಕಹೊರಟರೆ ಎದುರುಮನೆಯ ರಂಗೋಲಿಯನ್ನು ಕದ್ದು ನೋಡಿ ಕಲಿತ ಹುಡುಗಿಯರೆಲ್ಲ ಅಪರಾಧಿಗಳಾಗುತ್ತಾರೆ.

ಉಳಿಸುವುದೊಂದೇ ಗೌರವ ಎಂದು ತಿಳಿದವರಿಗಾಗಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಮಿಥಿಲೆಯ ಮತ್ತೊಬ್ಬ ದೊಡ್ಡ ಚಿತ್ರಗಾತಿ ಗಂಗಾದೇವಿ ಕ್ಯಾನ್ಸರಿನಿಂದ ನರಳುತ್ತಿದ್ದ ತಮ್ಮ ಕೊನೆಯ ವರ್ಷಗಳಲ್ಲಿ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದ ಒಂದು ಕೋಣೆಯ ಗೋಡೆಗಳ ತುಂಬ ಕೋಹಬರವನ್ನು ಬರೆದರು. 1991ರಲ್ಲಿ ತೀರಿಕೊಂಡರು. 2015ರ ಸುಮಾರಿಗೆ ನವೀಕರಣದ ಗದ್ದಲದಲ್ಲಿ ಆ ಗೋಡೆಗಳ ಚಿತ್ರ ಅಳಿದುಹೋಯಿತು. ಊರಿನ ಮನೆಯ ಕೋಹಬರವೂ ಅಳಿಯುತ್ತದೆ, ನಿಜ. ಆದರೆ ಅದನ್ನು ಅಳಿಸುವವಳು ಮುಂದಿನ ಮದುವೆಗೆ ಮತ್ತೆ ಬರೆಯಬಲ್ಲವಳು. ಬರೆಯಲಾರದವರು ಅಳಿಸಿದಾಗ ಅಳಿಸಿದ್ದಷ್ಟೇ ಉಳಿಯುತ್ತದೆ.

ನಮ್ಮ ತುಳುನಾಡಿನ ನಾಗಮಂಡಲವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಿಳಿ, ಅರಸಿನ, ಕೆಂಪು, ಹಸುರು, ಕಪ್ಪು ಎಂದು ಐದು ಬಣ್ಣದ ಪುಡಿಗಳಿಂದ ಚಪ್ಪರದ ನೆಲದ ತುಂಬ ಹೆಡೆ ಬಿಚ್ಚಿದ ಸರ್ಪದ ಸುರುಳಿಗಳನ್ನು ಗಂಟೆಗಟ್ಟಲೆ ಕುಳಿತು ಬಿಡಿಸುತ್ತಾರೆ. ರಾತ್ರಿಯೆಲ್ಲ ಅದರ ಸುತ್ತ ವೈದ್ಯರ ಕುಣಿತ, ಪಾತ್ರಿಯ ಆವೇಶ. ಕೊನೆಗೆ ಮಂಡಲವನ್ನು ಅಳಿಸಿ ಆ ಪುಡಿಯನ್ನೇ ಪ್ರಸಾದವೆಂದು ಹಂಚುತ್ತಾರೆ. ಅದೇ ಸಮಾರಂಭದಲ್ಲಿ ಸಾವಿರಾರು ಜನಕ್ಕೆ ಅನ್ನಸಂತರ್ಪಣೆ. ನೆಲದ ಚಿತ್ರವೂ ಊಟವೂ ಕೂಡಿದ ಇದಕ್ಕಿಂತ ದೊಡ್ಡ ‘ಫೈನ್ ಡೈನಿಂಗ್’ ಎಲ್ಲಿದೆ! ಖರ್ಚೂ ಲಕ್ಷಗಳ ಲೆಕ್ಕದ್ದೇ. ಬಡಿಸುವಾಗ ತೆತ್ತವರು ಯಾರು, ತೆರದವರು ಯಾರು ಎಂದು ಮಾತ್ರ ಕೇಳುವುದಿಲ್ಲ.

ಹೀಗೆಂದು ಬರೆದ ಕೂಡಲೇ ಲೇಖನಿ ತಡೆಯುತ್ತದೆ. ತೆತ್ತವರು ಯಾರೆಂದು ಕೇಳದಿದ್ದರೂ ಹುಟ್ಟಿದವರು ಯಾರಲ್ಲಿ ಎಂದು ಕೇಳುತ್ತಿದ್ದ ಪಂಕ್ತಿಗಳು ನಮ್ಮ ನಾಡಿನಲ್ಲಿ ಎಷ್ಟಿದ್ದುವು ಎಂಬುದನ್ನು ಮರೆಯಲಾದೀತೆ? ಎಲೆಯ ಮುಂದಿನ ಆ ಸುಂದರವಾದ ರಂಗೋಲಿ ಯಾರ ಎಲೆಯ ಮುಂದೆ ಬಿತ್ತು? ಒಳಗಿನ ಪಂಕ್ತಿಗೆ ಬಿತ್ತು, ಹೊರ ಜಗಲಿಯ ಪಂಕ್ತಿಗೆ ಬೀಳಲಿಲ್ಲ, ಹಿತ್ತಿಲಿನಲ್ಲಿ ಕುಳಿತವರಿಗೆ ಎಲೆಯೇ ತಡವಾಗಿ ಬಿತ್ತು. ಹೊಸ್ತಿಲ ರಂಗೋಲಿ ಬೀದಿಗೆಲ್ಲ ಮುಖ ಮಾಡಿದೆ ಎಂದೆನಲ್ಲ, ಅದು ನಿಜ. ಅದನ್ನು ದಾಟಿ ಒಳಗೆ ಯಾರು ಬರಬಹುದು, ಯಾರು ಬರಬಾರದು ಎಂಬ ಗೆರೆಯೂ ಅದೇ ಆಗಿತ್ತು ಎಂಬುದೂ ಅಷ್ಟೇ ನಿಜ. ಬರಮಾಡಿಕೊಳ್ಳುವ ಗೆರೆ ತಡೆಯುವ ಗೆರೆಯೂ ಆಗಿ ದುಡಿಯಿತು.

ಈ ವಿಷಯದಲ್ಲಿ ಹೋಟೆಲಿನ ಋಣ ನಮ್ಮ ಮೇಲೆ ದೊಡ್ಡದು. ಹೋಟೆಲುಗಳು ತಾವಾಗಿ ಉದಾರವಾಗಿದ್ದುವೆಂದಲ್ಲ. ಅಲ್ಲಿಯೂ ಬೇರೆ ಬೇರೆ ಕೋಣೆ, ಬೇರೆ ಬೇರೆ ಲೋಟಗಳ ಕಾಲವಿತ್ತು. ಆದರೆ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯನ್ನು ತೆಗೆದು ನೋಡಿ. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾವ ಪ್ರಜೆಯನ್ನೂ ತಡೆಯಕೂಡದಾದ ಜಾಗಗಳನ್ನು ಅದು ಹೆಸರಿಸುತ್ತದೆ: ಅಂಗಡಿಗಳು, ಸಾರ್ವಜನಿಕ ಭೋಜನಶಾಲೆಗಳು, ಹೋಟೆಲುಗಳು. ಒಂದು ದೇಶದ ಮೂಲಶಾಸನದಲ್ಲಿ ಊಟದ ಹೋಟೆಲಿನ ಹೆಸರು ಬರಬೇಕಾದರೆ ಆ ದೇಶದಲ್ಲಿ ಊಟದ ಹೆಸರಿನಲ್ಲಿ ಎಂಥ ಅವಮಾನಗಳು ನಡೆದಿರಬೇಕು! 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇದಕ್ಕೆ ಶಿಕ್ಷೆಯ ಬಲವನ್ನೂ ಕೊಟ್ಟಿತು. ಕಾಯಿದೆಯ ಕೈ ಹೋಟೆಲಿನ ಬಾಗಿಲವರೆಗೆ ಬಂತು. ಮನೆಯ ಹೊಸ್ತಿಲಿನಲ್ಲಿ ನಿಂತುಬಿಟ್ಟಿತು. ಅದು ನಿಲ್ಲಬೇಕಾದದ್ದೂ ಅಲ್ಲಿಯೇ. ಹೊಸ್ತಿಲಿನಿಂದ ಈಚೆಗೆ ಉಳಿದ ಕೆಲಸ ನಮ್ಮದು.

ಆದ್ದರಿಂದ ರಂಗೋಲಿಯ ಹೆಸರಿನ ಊಟದ ಮನೆಯನ್ನು ನಾನು ಹಳಿಯಹೊರಟಾಗ ಅದು ತಿರುಗಿ ಕೇಳಬಹುದು: “ಸ್ವಾಮಿ, ನಾನು ಜಾತಿ ಕೇಳಿದೆನೆ? ಪಂಕ್ತಿಭೇದ ಮಾಡಿದೆನೆ? ಯಾರು ಬಂದರೂ ಐದು ಚುಕ್ಕಿ ಇಟ್ಟೇ ಬಡಿಸುತ್ತೇನೆ. ನಿಮ್ಮ ಅಜ್ಜಿಯ ರಂಗೋಲಿ ಇದನ್ನು ಮಾಡಿತೆ?” ನನ್ನಲ್ಲಿ ಇದಕ್ಕೆ ಪೂರಾ ಉತ್ತರವಿಲ್ಲ. ಅರ್ಧ ಉತ್ತರವುಂಟು: ಜಾತಿಯ ಹೊಸ್ತಿಲು ಹೋದ ಕಡೆ ಹಣದ ಹೊಸ್ತಿಲನ್ನು ಎಬ್ಬಿಸಿದ್ದೀರಿ, ಅದಕ್ಕೂ ರಂಗೋಲಿ ಹಾಕಿದ್ದೀರಿ. ಆದರೆ ಆ ಹೊಸ್ತಿಲನ್ನು ದುಡಿದವನು ಎಂದಾದರೊಮ್ಮೆ ದಾಟಬಹುದು. ಹುಟ್ಟಿನ ಹೊಸ್ತಿಲನ್ನು ಯಾವ ದುಡಿಮೆಯಿಂದಲೂ ದಾಟುವಂತಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲ.

ಇನ್ನು ನಮ್ಮ ಮನೆಗಳು. ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಪ್ಲಾಸ್ಟಿಕ್ಕಿನ ರಂಗೋಲಿ ಸ್ಟಿಕರ್ ಅಂಟಿಸಿರುತ್ತೇವೆ. ಅದು ಅಳಿಯುವುದಿಲ್ಲ, ಅಂಚು ಕಿತ್ತು ಬರುತ್ತದೆ. ದಿನವೂ ಬರೆಯಬೇಕಾದ್ದನ್ನು ಒಂದೇ ಸಲ ಕೊಂಡುಬಿಟ್ಟೆವು. ರೆಸ್ಟೊರಾಂಟಿನವನು ಮಾಡಿದ್ದೂ ಅದನ್ನೇ, ಇನ್ನಷ್ಟು ಅಭಿರುಚಿಯಿಂದ. ಸ್ವಂತ ಮನೆ, ಮುಂದೊಂದು ನಾಲ್ಕಡಿ ಅಂಗಳ ಇರುವವರ ಮನೆಯಲ್ಲಿ ಈಗಲೂ ಬೆಳಗ್ಗೆ ರಂಗೋಲಿ ಬೀಳುತ್ತದೆ. ಬಿಡಿಸುವವರು ಯಾರು? ಎಷ್ಟೋ ಬಡಾವಣೆಗಳಲ್ಲಿ ಮನೆಯಾಕೆ ಇನ್ನೂ ಎದ್ದಿರುವುದಿಲ್ಲ. ಆರು ಗಂಟೆಗೆ ಕೆಲಸದಾಕೆ ಬರುತ್ತಾಳೆ. ಗುಡಿಸಿ, ನೀರು ಹಾಕಿ, ಚುಕ್ಕಿ ಇಟ್ಟು, ಎಳೆ ಎಳೆದು, ಮುಂದಿನ ಮನೆಗೆ ಹೋಗುತ್ತಾಳೆ. ಅವಳು ಒಂದು ಬೀದಿಯಲ್ಲಿ ನಾಲ್ಕು ಮನೆಗಳಿಗೆ ಬಿಡಿಸಿದರೆ ನಾಲ್ಕೂ ಬೇರೆ ಬೇರೆ. ಇಂತಿಂಥ ಮನೆಗೆ ಇಂತಿಂಥದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಸಂಬಳ ಮಾತನಾಡುವಾಗ ಪಾತ್ರೆಗೆ ಇಷ್ಟು, ಬಟ್ಟೆಗೆ ಇಷ್ಟು, ನೆಲ ಒರೆಸುವುದಕ್ಕೆ ಇಷ್ಟು ಎಂದು ಗೊತ್ತುಮಾಡುತ್ತೇವೆ. ರಂಗೋಲಿಗೆ ಇಷ್ಟು ಎಂದು ಮಾತನಾಡಿದವರನ್ನು ನಾನು ಕಂಡಿಲ್ಲ. ಅದು ಬಾಗಿಲಿಗೆ ನೀರು ಹಾಕುವುದರಲ್ಲಿಯೇ ಸೇರಿಹೋಗಿದೆ.

ಊಟದ ಮನೆಯವನು ರಂಗೋಲಿಯ ಬೆಲೆಯನ್ನು ತಿಳಿದಿದ್ದಾನೆ, ಬರೆದವಳ ವಿಷಯ ಅವನಿಗೆ ಬೇಡ. ನಾವು ಬರೆದವಳನ್ನು ದಿನವೂ ಕಾಣುತ್ತೇವೆ, ಬೆಲೆಯ ವಿಷಯ ನಮಗೆ ಬೇಡ. ಯಾವುದು ಹೆಚ್ಚಿನ ಅಪಚಾರ ಎಂದು ತೂಗಿ ನೋಡಿದಷ್ಟೂ ತಕ್ಕಡಿ ನಮ್ಮ ಕಡೆಗೇ ವಾಲುವಂತೆ ನನಗೆ ಕಾಣುತ್ತದೆ. ಅವನು ಕೇವಲ ಅಪರಿಚಿತಳೊಬ್ಬಳ ಹೆಸರನ್ನು ಬಿಟ್ಟ. ನಮಗೆ ಹೆಸರು ಗೊತ್ತು.

ಆ ಊಟದ ಮನೆಯವರಿಗೆ ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಪಟ್ಟಿಯ ಮೊದಲ ಪುಟದಲ್ಲಿ ಭೂತದಯೆಯ ಉಪನ್ಯಾಸಕ್ಕೆ ಬದಲಾಗಿ, ಈ ಗೆರೆಗಳನ್ನು ಯಾವ ಊರಿನ ಯಾವಾಕೆಯಿಂದ ಕಲಿತೆವು ಎಂದು ಬರೆಯಬಹುದು, ಆಕೆಯ ಒಪ್ಪಿಗೆ ಪಡೆದು, ಆಕೆಗೆ ಸಲ್ಲಬೇಕಾದ್ದನ್ನು ಸಲ್ಲಿಸಿ. ಬಾಗಿಲಿನ ಹೊರಗೆ, ಕಾವಲುಗಾರ ನಿಲ್ಲುವ ಕಾಲುದಾರಿಯಲ್ಲಿ, ದಿನವೂ ನಿಜವಾದ ರಂಗೋಲಿಯೊಂದನ್ನು ಹಾಕಿಸಬಹುದು. ಒಳಗೆ ಬರಲಾರದವರೂ ನೋಡಲಿ, ಮೆಟ್ಟಲಿ. ಆ ಬಡಿಸುವ ಹುಡುಗನಿಗೆ ಅವನ ತಾಯಿಯ ಮಾತನ್ನೇ ಆಡಲು ಬಿಡಬಹುದು. ಊಟದ ರುಚಿ ಇದರಿಂದ ಕೆಡುವ ಹಾಗೆ ಕಾಣೆ.

ನಮ್ಮ ಕೆಲಸ ಇದಕ್ಕಿಂತ ಚಿಕ್ಕದು, ಆದ್ದರಿಂದಲೇ ಇರಬೇಕು, ಕಷ್ಟದ್ದು. ರಂಗೋಲಿ ಮುಗಿಸಿ ಕೈ ತೊಳೆದು ಬಂದವಳಿಗೆ ನಾವು ಕಾಫಿ ಕೊಡುತ್ತೇವೆ. ಕೊಡದ ಮನೆಗಳು ಕಡಮೆ, ಅದು ನಮ್ಮ ಊರಿನ ಒಳ್ಳೆಯ ಗುಣ. ಆ ಕಾಫಿಯನ್ನು ಕೊಡುವ ಲೋಟ ಅನೇಕ ಮನೆಗಳಲ್ಲಿ ಉಳಿದ ಲೋಟಗಳ ಜೊತೆ ಬೆರೆಯುವುದಿಲ್ಲ. ಅದು ಹಿತ್ತಿಲ ಬಾಗಿಲಿನ ಕಟ್ಟೆಯ ಮೇಲೆ, ಬೋರಲು ಹಾಕಿ, ಬೇರೆಯಾಗಿ ಇರುತ್ತದೆ.